ಟಗರು ಗುದ್ದಿದ್ದು ಜಾಹೀರಾತಲ್ಲ

ನಾನು ದನದ ಡಾಕ್ಟರು. ತಮಿಳುನಾಡು ಸರ್ಕಾರದ ಕೆಲಸ, ಕನ್ನಡ ಮಾತಾಡುವವರೂ ಇರುವ ಊರುಗಳಲ್ಲಿ. ಮೊದಲೆಲ್ಲ ಜನ ಆಸ್ಪತ್ರೆಗೆ ಹಗ್ಗ ಹಿಡಿದುಕೊಂಡು ಬರುತ್ತಿದ್ದರು, ಹಗ್ಗದ ಆ ತುದಿಯಲ್ಲಿ ಹಸುವೋ ಆಡೋ ಇರುತ್ತಿತ್ತು. ಈಗ ಫೋನ್ ಹಿಡಿದುಕೊಂಡು ಬರುತ್ತಾರೆ. "ಡಾಕ್ಟ್ರಮ್ಮ, ಮೊದ್ಲು ಇದ ನೋಡಿ" ಎಂದು ನನ್ನ ಮೂಗಿಗೆ ತಾಗುವ ಹಾಗೆ ಹಿಡಿಯುತ್ತಾರೆ. ನೋಡಿದರೆ ಎರಡು ತಲೆಯ ಕರು, ಮಾತಾಡುವ ಮೇಕೆ, ಹುತ್ತದಿಂದ ಎದ್ದು ನಿಂತು ನಮಸ್ಕಾರ ಮಾಡುವ ಹಾವು. ಒಂದೆರಡು ದಿನ ಊರಿಗೆ ಊರೇ ಗಾಬರಿ ಬೀಳುತ್ತದೆ. ಆಮೇಲೆ ವಿಡಿಯೋದ ಬಾಲ ಬರುತ್ತದೆ: ಇದು ಇಂಥ ಬಿಸ್ಕತ್ತಿನದು, ಇಂಥ ಪೈಪಿನದು, ಇಂಥ ತಲೆನೋವಿನ ಎಣ್ಣೆಯದು ಎಂದು. ಎಲ್ಲರೂ 'ಥೂ, ಇಷ್ಟೇನಾ' ಎಂದು ನಕ್ಕು ಮುಂದಿನ ವಿಡಿಯೋ ತೆಗೆಯುತ್ತಾರೆ. ನನಗೆ ನಗು ಬರಲು ಸ್ವಲ್ಪ ಹೊತ್ತು ಬೇಕು. ಮೊದಲು ಮೈ ಉರಿಯುತ್ತದೆ.

ನಮ್ಮ ಮನೆಮಾತು ಕನ್ನಡ, ಓದಿದ್ದು ತಮಿಳಿನಲ್ಲಿ. ಕನ್ನಡ ಬರೆಯುವುದನ್ನು ಮದುವೆಯಾದ ಮೇಲೆ ಕೊಳ್ಳೇಗಾಲದ ಕಡೆಯ ಅತ್ತೆಮನೆಯವರಿಂದ ಕಲಿತೆ. ಬಯ್ಯುವುದಕ್ಕೆ ಮಾತ್ರ ನನಗೆ ಎರಡೂ ಭಾಷೆ ಬೇಕು. ಈ ವಿಡಿಯೋ ಮಾಡುವವರ ವಿಷಯಕ್ಕೆ ಬಂದರೆ ಎರಡೂ ಸಾಲುವುದಿಲ್ಲ.

ಮೆತ್ತೆಯ ಮೇಲಿನ ಚಿರತೆ

ಪೆನ್ನಾಗರಂ ಕಡೆ ಕೆಲಸದಲ್ಲಿದ್ದಾಗಿನ ಮಾತು. ಒಂದು ಬೆಳಿಗ್ಗೆ ಎಲ್ಲರ ಫೋನಿಗೂ ಒಂದು ವಿಡಿಯೋ ಬಂತು. ಯಾವುದೋ ಬೀದಿ, ಯಾವುದೋ ಕಾಂಪೌಂಡು ಗೋಡೆ. ಆ ಗೋಡೆಯ ಮೇಲೆ ಒಂದು ಚಿರತೆ ಹಾಯಾಗಿ ನಡೆದು ಬಂದು ಮನೆಯೊಂದರ ಅಂಗಳಕ್ಕೆ ಹಾರುತ್ತದೆ. ಒಳಗೆ ಹೆಂಗಸೊಬ್ಬಳು ಕಿರುಚುತ್ತಾಳೆ. ಅಲ್ಲಿಗೆ ವಿಡಿಯೋ ಮುಗಿಯಿತು. ಕೆಳಗೆ ತಮಿಳಿನಲ್ಲಿ 'ಪೆನ್ನಾಗರಂ ಸುತ್ತಮುತ್ತಲಿನವರು ಎಚ್ಚರ' ಎಂದು ಬರೆದಿತ್ತು.

ನಮ್ಮ ಕಡೆ ಹೊಲ ಮುಗಿದ ಕಡೆ ಕಾಡು ಶುರುವಾಗುತ್ತದೆ. ಚಿರತೆ ಎಂದರೆ ಇಲ್ಲಿ ಯಾರಿಗೂ ಕಥೆಯಲ್ಲ. ಹಾಗಾಗಿ ಯಾರೂ ಅನುಮಾನ ಪಡಲಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಕುರಿಗಳನ್ನು ಬಯಲಿಗೆ ಬಿಡಲಿಲ್ಲ. ಫಾರೆಸ್ಟ್‌ನವರು ಕೋಲು ಹಿಡಿದುಕೊಂಡು ಪೊದೆ ಪೊದೆ ಬಡಿದರು. ಅವರಿಗೆ ಸಿಕ್ಕಿದ್ದು ಒಂದು ಮುಳ್ಳುಹಂದಿ, ಅದೂ ಗಾಬರಿಯಾಗಿತ್ತು.

ದಿನಾ ಬಯಲು ಸುತ್ತಿ ಹೊಟ್ಟೆ ತುಂಬಿಸಿಕೊಳ್ಳುವ ಕುರಿಗಳು ಕಟ್ಟಿದಲ್ಲೇ ಹಸಿದು ಅರಚತೊಡಗಿದವು. ಕೇಳಲಾಗದೆ ಜನ ರೇಷನ್ ಅಕ್ಕಿ ಬೇಯಿಸಿ ಮುಂದಿಟ್ಟರು. ಕುರಿಗೆ ಅನ್ನ ಎಂದರೆ ಬಲು ಇಷ್ಟ, ಅದರ ಹೊಟ್ಟೆಗೆ ಆಗುವುದಿಲ್ಲ. ತಿಂದವೆಲ್ಲ ಹೊಟ್ಟೆ ಹುಳಿಯಾಗಿ, ಉಬ್ಬರಿಸಿ, ಕಾಲು ಚಾಚಿ ಮಲಗಿದವು. ನಾನು ಮನೆಯಿಂದ ಮನೆಗೆ ಓಡಾಡಿ ಅಡುಗೆ ಸೋಡಾ ಕಲಸಿದ ನೀರು ಕುಡಿಸಿದ್ದೇ ಕುಡಿಸಿದ್ದು. ಹೆಚ್ಚಿನವು ಎದ್ದವು. ಒಬ್ಬ ಅಜ್ಜಿಯ ಗಬ್ಬದ ಕುರಿ ಏಳಲಿಲ್ಲ. ಅಜ್ಜಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ನಾನೇ ಉಣ್ಣಾಕಿಟ್ಟೆ ಕಣಮ್ಮ, ನನ್ನ ಕೈಯಾರೆ" ಎಂದಳು.

ಮಾರನೆಯ ದಿನ ವಿಡಿಯೋದ ಎರಡನೆಯ ಭಾಗ ಬಂತು. ಅದೇ ಚಿರತೆ ಅಂಗಳದಿಂದ ಮನೆಯೊಳಗೆ ನುಗ್ಗಿ, ಮಂಚ ಹತ್ತಿ, ಮೆತ್ತೆಯ ಮೇಲೆ ಒಮ್ಮೆ ಮೈಮುರಿದು ಗೊರಕೆ ಹೊಡೆಯುತ್ತದೆ. 'ಯಾರಿಗಾದರೂ ನಿದ್ದೆ ಬರಿಸುವ ಮೆತ್ತೆ' ಎಂದು ದೊಡ್ಡ ಅಕ್ಷರ. ಅದರ ಕೆಳಗೆ ಫೋನ್ ನಂಬರು.

ಅಜ್ಜಿಯ ಅಂಗಳದಲ್ಲೇ ನಿಂತು ಆ ನಂಬರಿಗೆ ಫೋನ್ ಹಚ್ಚಿದೆ. ಸ್ಪೀಕರ್ ಹಾಕಿದೆ.

"ವಣಕ್ಕಂ ಮೇಡಂ! ಸಿಂಗಲ್ ಬೆಡ್ಡಾ, ಡಬಲ್ ಬೆಡ್ಡಾ?" ಎಂದು ಒಬ್ಬ ಉತ್ಸಾಹದಿಂದ ಕೇಳಿದ.

"ನಿಮ್ಮ ಚಿರತೆಯಿಂದ ಇಲ್ಲಿ ಕುರಿ ಸತ್ತಿದೆ" ಎಂದೆ.

"ಅದು ಕಂಪ್ಯೂಟರ್ ಚಿರತೆ ಮೇಡಂ, ಕಚ್ಚಲ್ಲ."

ನಾನು ಬಯ್ಯಲು ಬಾಯಿ ತೆಗೆದೆ. ಅವನು ಮಾತ್ರ ನಿಲ್ಲಿಸಲಿಲ್ಲ. "ನಿಮ್ಮೂರು ಯಾವುದು ಮೇಡಂ? ವಿಡಿಯೋ ನೋಡಿ ಫೋನ್ ಮಾಡಿದವರಿಗೆ ಮನೆವರೆಗೂ ಡೆಲಿವರಿ ಫ್ರೀ" ಎಂದ.

ಅಜ್ಜಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಸರಿ ಮಗ, ನೀನೇ ಒತ್ಕಂಡ್ ಬಾ" ಎಂದಳು. "ಬಂದ್ಮ್ಯಾಕೆ ಅದ್ರ ಮ್ಯಾಲೆ ಮಲಗಾದೂ ನೀನೇಯ. ಅಂಗೆ ಮಾಡಿ ಕಳುಸ್ತೀನಿ."

ಬಸ್ ಸ್ಟಾಂಡಿನಲ್ಲಿ ಹಾಲು

ಅಲ್ಲಿಂದ ನನಗೆ ಕಾರಿಮಂಗಲಂ ಕಡೆಗೆ ಟ್ರಾನ್ಸ್‌ಫರ್ ಆಯಿತು. ಅಲ್ಲಿ ಹಾಲು ಮಾರುವ ಒಬ್ಬಳು ಅಕ್ಕ ಇದ್ದಳು. ಒಂದೇ ಹಸು, ಒಂದೇ ಗಿರಾಕಿ. ಬಸ್ ಸ್ಟಾಂಡಿನ ಟೀ ಅಂಗಡಿಯವನು ಅವಳ ಹಾಲು ಬಿಟ್ಟು ಬೇರೆ ಹಾಲು ಮುಟ್ಟುತ್ತಿರಲಿಲ್ಲ.

ಆಗ ಬಂತು ಹಾಲಿನ ವಿಡಿಯೋ. ಮುಖಕ್ಕೆ ಬಟ್ಟೆ ಕಟ್ಟಿಕೊಂಡವನೊಬ್ಬ ಕತ್ತಲೆ ಕೋಣೆಯಲ್ಲಿ ಕ್ಯಾನಿಗೆ ನೀರು ಸುರಿದು, ಏನೋ ಬಿಳಿ ಪುಡಿ ಹಾಕಿ, ಸೋಪಿನ ನೀರು ಹಾಕಿ, ಕಡೆದು ಕಡೆದು ಹಾಲು ಮಾಡುತ್ತಾನೆ. ಧರ್ಮಪುರಿ ಜಿಲ್ಲೆಯ ಹಾಲೆಲ್ಲ ಹೀಗೇ ಆಗುತ್ತಿದೆ ಎಂದು ಹಿಂದಿನಿಂದ ಒಂದು ಗಡಸು ದನಿ. ಕೂಡಲೇ ಟೀ ಅಂಗಡಿಗೆ ಬರುವವರೆಲ್ಲ ಬ್ಲ್ಯಾಕ್ ಟೀ ಕೇಳತೊಡಗಿದರು. ಅಂಗಡಿಯವನು ಅಕ್ಕನಿಗೆ ಕೈ ಮುಗಿದ. "ನಿನ್ನ ಮ್ಯಾಲೆ ನನಗೆ ನಂಬ್ಕೆ ಐತೆ ಕಣಕ್ಕ. ಗಿರಾಕಿಗಳಿಗೆ ಇಲ್ಲ. ನಾನೇನ್ ಮಾಡ್ಲಿ?"

ಅಕ್ಕ ತಂದ ಹಾಲನ್ನು ಹಾಗೇ ಹೊತ್ತುಕೊಂಡು ಆಸ್ಪತ್ರೆಗೆ ಬಂದಳು. ಅಳುತ್ತಿದ್ದಳು. "ನಾನು ಸೋಪು ಆಕಿ ಆಲು ಮಾಡ್ತೀನಂತೆ! ನಮ್ಮನೇಲಿ ಮೈಗೆ ಆಕ್ಕಳಾಕೇ ಸೋಪಿಲ್ಲ!" ಎಂದಳು. ನಾನು ಸಮಾಧಾನ ಹೇಳಿ ಕಳಿಸಿದೆ. ಹೇಳಿದ್ದರಿಂದ ಏನೂ ಉಪಯೋಗವಿಲ್ಲ ಎಂದು ನನಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ನಾನು ಅದೇ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ. ಬಸ್ಸುಗಳ ನಡುವಿನಿಂದ ಅಕ್ಕ ಬಂದಳು. ಒಂದು ಕೈಯಲ್ಲಿ ಖಾಲಿ ಚೊಂಬು, ಇನ್ನೊಂದು ಕೈಯಲ್ಲಿ ಹಸುವಿನ ಹಗ್ಗ. ಸೇಲಂ ಬಸ್ಸಿನ ಡ್ರೈವರು ಹಾರ್ನ್ ಹೊಡೆದ. "ಸುಮ್ಕಿರಣ್ಣ, ಅಸ ಬೆದರ್ತದೆ!" ಎಂದು ಗದರಿದಳು. ಬಸ್ಸು ನಿಂತಿತು. ಹಸುವನ್ನು ಅಂಗಡಿಯ ಬೆಂಚಿಗೇ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಎಲ್ಲರ ಕಣ್ಣೆದುರು ಹಾಲು ಕರೆದು, ನೊರೆ ಆರುವ ಮೊದಲೇ ಅಂಗಡಿಯವನ ಪಾತ್ರೆಗೆ ಸುರಿದಳು. ಅಷ್ಟರಲ್ಲಿ ಹಸು ಅಲ್ಲೇ ಅಂಗಡಿ ಮುಂದೆ ದೊಪ್ಪನೆ ಸೆಗಣಿ ಹಾಕಿತು. ಅಕ್ಕ ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟು ಕೇಳಿದಳು, "ಇದನ್ನೂ ಪುಡಿ ಕಲ್ಸಿ ಮಾಡಿದ್ದು ಅಂತೀರಾ?"

ಬಸ್ ಸ್ಟಾಂಡೇ ನಕ್ಕಿತು. ಅವತ್ತಿನಿಂದ ಜನ ಮತ್ತೆ ಹಾಲು ಹಾಕಿದ ಟೀ ಕುಡಿದರು. ಅಲ್ಲಿದ್ದವರೆಲ್ಲ ಫೋನಿನಲ್ಲಿ ತೆಗೆದುಕೊಂಡಿದ್ದರು. ಅಕ್ಕ ಕರೆಯುವ ವಿಡಿಯೋ ಆ ಮುಖ ಮುಚ್ಚಿಕೊಂಡವನ ವಿಡಿಯೋಗಿಂತ ಜೋರಾಗಿ ಓಡಿತು. ನಾನು ಖುಷಿಪಟ್ಟೆ. ಒಂದು ಸಲವಾದರೂ ನಿಜ ಗೆದ್ದಿತಲ್ಲ ಎಂದುಕೊಂಡೆ.

ನನ್ನ ಖುಷಿಗೆ ವಾರ ತುಂಬಲಿಲ್ಲ. ಮುಖ ಮುಚ್ಚಿಕೊಂಡವನು ಬಟ್ಟೆ ತೆಗೆದು ಹಲ್ಲು ಕಿರಿಯುವ ಭಾಗ ಬಂತು. ಅವನು ಹೊಸ ಪ್ಯಾಕೆಟ್ ಹಾಲಿನ ಕಂಪನಿಯವನು! 'ಹೆದರಬೇಡಿ, ನಮ್ಮ ಹಾಲು ಹೀಗೆ ಬರುತ್ತದೆ' ಎನ್ನುತ್ತಾನೆ. ಹೀಗೆ ಎಂದರೆ ಹೇಗೆ? ತೋರಿಸಿದ್ದು ನಮ್ಮ ಅಕ್ಕನ ವಿಡಿಯೋ. ಅವಳ ಬಾಯಿಗೆ ಅನ್ನ ಬರುತ್ತಿದ್ದ ದಾರಿಯನ್ನು ಕೆಡಿಸಿದವರೇ ಅವಳ ಕೈಯನ್ನು ತೋರಿಸಿ ತಮ್ಮ ಹಾಲು ಮಾರುತ್ತಿದ್ದರು. ನಾನು ಸಿಟ್ಟಿನಿಂದ ಅಕ್ಕನಿಗೆ ಅದನ್ನು ತೋರಿಸಿದೆ. ಅವಳು ಫೋನನ್ನು ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದು ನೋಡಿದಳು. ಅವಳ ಮುಖದ ಮೇಲೆ ಕಂಪನಿಯವರು ಒಂದು ಹೂವಿನ ಚಿತ್ರ ಅಂಟಿಸಿ ಮುಚ್ಚಿದ್ದರು.

"ನನ್ನ ಮಕ ಮುಚ್ಚವ್ರೆ, ಸರಿ" ಎಂದಳು. "ಅಸೀನ ಕೆಚ್ಚಲ ಮಾತ್ರ ಇಷ್ಟಗಲ ತೋರ್ಸವ್ರಲ್ಲ, ಅದ್ಕೇನ್ ಮಾನ ಮರ್ಯಾದೆ ಇಲ್ವಾ?"

ರೋಜಾ ಬಾವಿ

ಈಗ ಇರುವುದು ಮೇಚೇರಿ ಕಡೆ. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಊರಿನವರು ಫೋನ್ ಮಾಡಿ, "ಕುರಿಗಳ ಬಾಯಲ್ಲೆಲ್ಲ ರಕ್ತ, ಓಡಿ ಬನ್ನಿ" ಎಂದರು. ಓಡಿದೆ. ನೋಡಿದರೆ ರಕ್ತವಲ್ಲ. ಕುರಿಗಳ ಮೂತಿಯೆಲ್ಲ ಗುಲಾಬಿ ಬಣ್ಣ. ಊರಿನ ಬಾವಿಯ ನೀರೂ ಗುಲಾಬಿ ಬಣ್ಣ.

ಬಾವಿಯ ಸುತ್ತ ಜಾತ್ರೆಯ ಹಾಗೆ ಜನ. ಅಷ್ಟು ಹೊತ್ತಿಗಾಗಲೇ ಅದರ ವಿಡಿಯೋ ಸೇಲಂ ತನಕ ಹೋಗಿತ್ತು. ಪೂಜಾರಿ ಬಾವಿಕಟ್ಟೆಗೆ ಅರಿಶಿನ ಹಚ್ಚಿ, ಅಮ್ಮ ಒಳಗೆ ಓಕುಳಿಯಾಡಿದ್ದಾಳೆ ಎಂದು ಹೇಳುತ್ತಿದ್ದ. ಹೆಂಗಸರು ಬಿಂದಿಗೆ ತುಂಬಿಕೊಳ್ಳುತ್ತಿದ್ದರು. ಒಬ್ಬ ತಾಯಿ ಎಳೆಗೂಸಿನ ಬಾಯಿಗೆ ಆ ನೀರನ್ನು ಬಿಡುತ್ತಿದ್ದಳು. ನಾನು ಹೋಗಿ ಅವಳ ಕೈಯ ಉದ್ಧರಣೆಯನ್ನು ಕಿತ್ತುಕೊಂಡೆ. "ಯಾರೂ ಕುಡೀಬ್ಯಾಡಿ! ಏನು ಬಿದ್ದಿದೆಯೋ ಗೊತ್ತಿಲ್ಲ!" ಎಂದು ಕೂಗಿದೆ.

ಪೂಜಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ದನ ನೋಡಾಕೆ ಬಂದವ್ರು ದನ ನೋಡ್ಬೇಕು" ಎಂದ.

ವಾದ ಜೋರಾಗುವಷ್ಟರಲ್ಲಿ ಹಾಡು ಹಾಕಿಕೊಂಡು ಒಂದು ವ್ಯಾನು ಬಂತು. ವ್ಯಾನಿನ ಮೈಯೆಲ್ಲ ಗುಲಾಬಿ ಬಣ್ಣ. ಟೋಪಿ ಹಾಕಿದವನೊಬ್ಬ ಇಳಿದು ಎಲ್ಲರಿಗೂ ಪುಟ್ಟ ಬಾಟಲಿಗಳಲ್ಲಿ ರೋಸ್ ಮಿಲ್ಕ್ ಹಂಚತೊಡಗಿದ. 'ನಿಮ್ಮೂರ ಬಾವಿಯೂ ಕೇಳಿತು ನಮ್ಮ ರೋಸ್ ಮಿಲ್ಕ್' ಎಂದು ಬ್ಯಾನರು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪೂಜಾರಿಯೇ ಎಲ್ಲರಿಗಿಂತ ಮೊದಲು ಕಟ್ಟೆಯಿಂದ ಇಳಿದು ಮಾಯವಾದ.

ನಾನು ಟೋಪಿಯವನ ಕಾಲರು ಹಿಡಿಯುವುದೊಂದು ಬಾಕಿ. "ಊರು ಕುಡಿಯುವ ನೀರಿಗೆ ಬಣ್ಣ ಹಾಕ್ತೀರಾ?"

"ತಿನ್ನುವ ಬಣ್ಣವೇ ಮೇಡಂ, ಏನೂ ಆಗಲ್ಲ."

"ಹಾಗಾದರೆ ಒಂದು ಚೊಂಬು ಕುಡಿ."

ಅವನು ಬಾವಿಯೊಳಗೆ ಇಣುಕಿ ನೋಡಿ ಹಿಂದೆ ಸರಿದ. "ನಾನು ಬಾವಿ ನೀರು ಕುಡಿಯಲ್ಲ ಮೇಡಂ. ಹೊಟ್ಟೆಗೆ ಆಗಲ್ಲ" ಎಂದ.

ಆ ಬೇಸಿಗೆಯಲ್ಲಿ, ಅಷ್ಟು ನೀರನ್ನು ಪಂಪು ಹಚ್ಚಿ ಹೊರಗೆ ಚೆಲ್ಲಬೇಕಾಯಿತು. ಊರಿನವರು ದೂರದ ಬೋರ್‌ವೆಲ್ಲಿನಿಂದ ಕೊಡ ಹೊತ್ತರು. ಇದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ನಗು ಬರುವುದು ಪಂಚಾಯತ್ ತಲೈವರನ್ನು, ಅಂದರೆ ಅಧ್ಯಕ್ಷರನ್ನು, ನೆನೆದಾಗ ಮಾತ್ರ. ಅವರ ಮನೆಯವರು ಗೊತ್ತಿಲ್ಲದೆ ಅದೇ ನೀರಿನಲ್ಲಿ ಅವರ ಬಿಳಿ ವೇಷ್ಟಿ ಪಂಚೆಗಳನ್ನೆಲ್ಲ ನೆನೆಸಿದ್ದರು. ಮಾರನೆಯ ದಿನ ಮೇಟ್ಟೂರಿನಲ್ಲಿ ಅವರ ಪಕ್ಷದ ಮೀಟಿಂಗು. ಎಲ್ಲರೂ ಕೊಕ್ಕರೆಯ ಹಾಗೆ ಬಿಳಿ ಬಟ್ಟೆಯಲ್ಲಿದ್ದರು, ಇವರೊಬ್ಬರು ಗುಲಾಬಿ ವೇಷ್ಟಿಯಲ್ಲಿ ಹೋಗಿ ಕೂತರು. ಪಕ್ಕದವರು ಕಿವಿಯ ಹತ್ತಿರ ಬಗ್ಗಿ ಕೇಳಿದರಂತೆ, "ತಲೈವರೇ, ಯಾವ ಪಕ್ಷಕ್ಕೆ ಹೋದಿರಿ? ನಮಗೂ ಒಂದು ಮಾತು ಹೇಳಬಾರದಾ?"

ರೊಪ್ಪದೊಳಗೆ ಡಾಕ್ಟರು

ಇದರಲ್ಲಿ ಸಿಕ್ಕಿಬಿದ್ದವಳು ನಾನೇ.

ವಿಡಿಯೋ ಹೀಗಿತ್ತು. ಬಿಳಿ ಕೋಟಿನ ಹೆಂಗಸೊಬ್ಬಳು, ಐಸ್ ಡಬ್ಬಿ ಹಿಡಿದ ಗಂಡಸೊಬ್ಬ, ಒಂದೇ ಬೈಕಿನಲ್ಲಿ ಒಂದು ಊರಿಗೆ ಬರುತ್ತಾರೆ. ಲಸಿಕೆ ಎಂದು ಹೇಳಿ ಕುರಿಗಳಿಗೆ ಸೂಜಿ ಹಾಕುತ್ತಾರೆ. ಕುರಿಗಳು ದಪದಪ ಬೀಳುತ್ತವೆ. ಹಿಂದೆ ಬಂದ ವ್ಯಾನಿನಲ್ಲಿ ತುಂಬಿಕೊಂಡು ಪರಾರಿ. 'ಡಾಕ್ಟರ್ ವೇಷದ ಕುರಿಗಳ್ಳರು, ಮೇಟ್ಟೂರು ತಾಲೂಕಿನಲ್ಲಿ' ಎಂದು ಬರೆದಿತ್ತು. ನಾನು ಇದನ್ನು ನೋಡಿರಲಿಲ್ಲ. ಕುರಿಗಳಿಗೆ ಲಸಿಕೆ ಹಾಕುವ ಕಾಲ. ನಾನೂ ನಮ್ಮ ಆಸ್ಪತ್ರೆಯ ಅಟೆಂಡರ್ ಅಣ್ಣನೂ ಅವರ ಬೈಕಿನಲ್ಲಿ ಬೆಟ್ಟದ ಬುಡದ ಒಂದು ಹಟ್ಟಿಗೆ ಹೋದೆವು. ನಾನು ಬಿಳಿ ಕೋಟು. ಅಣ್ಣನ ಕೈಯಲ್ಲಿ ಐಸ್ ಡಬ್ಬಿ.

ಬೈಕು ನಿಲ್ಲಿಸುವ ಮೊದಲೇ ಜನ ಸುತ್ತುವರಿದರು. ಒಬ್ಬ ಕೀಲಿ ಕಿತ್ತುಕೊಂಡ. ಇನ್ನೊಬ್ಬ ನನ್ನ ಫೋನ್ ಕಿತ್ತುಕೊಂಡ. "ಬಂದವ್ರೆ ಬರ್ರಲೇ! ವಿಡಿಯೋದವ್ರೇ ಬಂದವ್ರೆ!" ಎಂದು ಒಬ್ಬಳು ಕೂಗಿದಳು.

"ನಾನು ಸರ್ಕಾರಿ ಡಾಕ್ಟರು!"

"ಅವ್ಳೂ ಅಂಗೇ ಅಂದ್ಳು!"

ಕೊರಳಿನ ಐಡಿ ಕಾರ್ಡ್ ತೋರಿಸಿದೆ. "ಅವ್ಳೂ ಕಾರ್ಡ್ ತೋರುಸ್ತಾಳೆ ಕಣ್ರೋ! ನೋಡಿ, ಅದೇ ಬಣ್ಣದ ದಾರ!" ಎಂದರು. ಕನ್ನಡದಲ್ಲಿ ಮಾತಾಡಿದೆ. "ನಮ್ಮ ಬಾಸೆ ಕಲ್ತು ಬಂದವ್ಳೆ, ದೊಡ್ಡ ಕಳ್ಳಿ ಇವ್ಳು!" ಎಂದರು. ನಾನು ನಿಜ ಹೇಳಿದಷ್ಟೂ ಕಳ್ಳಿಯಾಗುತ್ತ ಹೋದೆ.

ಅಣ್ಣನನ್ನು ಬೇವಿನ ಮರಕ್ಕೆ ಕಟ್ಟಿದರು. ನನ್ನನ್ನು ಕುರಿ ರೊಪ್ಪದೊಳಗೆ ತಳ್ಳಿ ಮುಳ್ಳುಬಾಗಿಲಿಗೆ ಬೀಗ ಹಾಕಿದರು. ಗಂಡಸರ ಕೈಯಲ್ಲಿ ದೊಣ್ಣೆಗಳಿದ್ದವು. ಇಂಥ ವಿಡಿಯೋಗಳನ್ನು ನಂಬಿ ದಾರಿಹೋಕರನ್ನು ಹೊಡೆದು ಹಾಕಿದ ಸುದ್ದಿಗಳನ್ನು ಎಲ್ಲರೂ ಓದಿದ್ದೇವೆ. ನನಗೆ ಹೆದರಿಕೆಯಾಯಿತು. ಹೆದರಿದ್ದು ಈ ಜನಕ್ಕಲ್ಲ. ಇವರು ಕುರಿ ಬಿಟ್ಟರೆ ಬೇರೆ ಆಸ್ತಿಯಿಲ್ಲದವರು, ಕಾವಲು ಕಾಯುವುದು ತಪ್ಪಲ್ಲ. ಎಲ್ಲೋ ತಣ್ಣಗೆ ಏಸಿ ಹಾಕಿಕೊಂಡು ಕೂತು ಬಿಳಿ ಕೋಟು ಹಾಕಿಸಿದರೆ ಚೆನ್ನಾಗಿರುತ್ತದೆ ಎಂದು ಯೋಚಿಸಿದನಲ್ಲ ಒಬ್ಬ, ಹೆದರಿದ್ದು ಅವನಿಗೆ. ಆಮೇಲೆ ಗೊತ್ತಾಯಿತು, ಅದು ಕುರಿ ರೊಪ್ಪಕ್ಕೆ ಹಾಕುವ ಕ್ಯಾಮೆರಾದ ಜಾಹೀರಾತು.

ಬಿಸಿಲು ಏರುತ್ತಿತ್ತು. ಐಸ್ ಡಬ್ಬಿಯಲ್ಲಿ ಲಸಿಕೆ ಕೆಡುತ್ತಿತ್ತು. ಒಳಗೆ ಕುರಿಗಳು ನನ್ನನ್ನು ಮೂಸಿದವು. ಆಗ ಕಣ್ಣಿಗೆ ಬಿತ್ತು, ಒಂದು ಕುರಿ ಮುಂಗಾಲು ಎತ್ತಿಕೊಂಡು ಕುಂಟುತ್ತಿದೆ. ಕಾಲು ಹಿಡಿದು ನೋಡಿದೆ. ಗೊರಸಿನ ಸಂದಿನಲ್ಲಿ ಹುಳು ಮಿಜಿಮಿಜಿ ಅನ್ನುತ್ತಿದ್ದವು. ಅಷ್ಟೇ, ನನ್ನ ಹೆದರಿಕೆ ಎಲ್ಲಿ ಹೋಯಿತೋ!

"ಯಾವಳೇ ಇದನ್ನ ಸಾಕಿದೋಳು?" ಎಂದು ಬೇಲಿಯ ಹತ್ತಿರ ಬಂದು ಕಿರುಚಿದೆ. "ಕಾಲಲ್ಲಿ ಉಳ ಬಿದ್ದೈತೆ, ಕಣ್ಣು ಕಾಣಾಕಿಲ್ವಾ? ಕ್ಯಾಂಪು ಐತೆ ಬರ್ರೀ ಅಂದ್ರೆ ಬರಾಕಿಲ್ಲ! ಮಾತ್ರೆ ಕೊಟ್ರೆ ಸೂರಿಗೆ ಸಿಕ್ಕುಸ್ತೀರಾ! ಆ ಮರಿ ನೋಡು, ಒಟ್ಟೆ ತುಂಬಾ ಉಳ, ಮೂಳೆ ಎಣಿಸ್ಬೌದು! ಸತ್ಮ್ಯಾಕೆ ಡಾಕ್ಟ್ರು ಬರ್ಲಿಲ್ಲ ಅಂತ ಅಳಾಕೆ ಬತ್ತೀರಾ, ಮೂದೇವಿಗಳಾ!" ಕನ್ನಡ ಮುಗಿದ ಮೇಲೆ ತಮಿಳು ಶುರು ಮಾಡಿದೆ. ಎಷ್ಟು ಹೊತ್ತು ಬಯ್ದೆನೋ, ನೋಡಿದರೆ ದೊಣ್ಣೆಗಳೆಲ್ಲ ಕೆಳಗಿಳಿದಿದ್ದವು.

ಹಟ್ಟಿಯ ಹಿರಿಯನೊಬ್ಬ ಬಾಯಿಂದ ಎಲೆಯಡಿಕೆ ಉಗಿದು ಹೇಳಿದ, "ಬೀಗ ತೆಗೀರ್ಲಾ. ಇವಮ್ಮ ಗೌರ್ಮೆಂಟ್ ಡಾಕ್ಟ್ರೇಯ. ಕಳ್ಳರಾಗಿದ್ರೆ ಇಷ್ಟೊತ್ಗೆ ನಯವಾಗಿ ಮಾತಾಡ್ತಿದ್ರು."

ಬಾಗಿಲು ತೆಗೆದರು. ಹೆಂಗಸರು ನೀರು ತಂದುಕೊಟ್ಟು, ತಪ್ಪಾಯಿತು ಎಂದು ಕೈ ಹಿಡಿದುಕೊಂಡರು. ನಾನೂ ಅತ್ತೆ, ಅವರೂ ಅತ್ತರು. ಆ ಗಲಾಟೆಯಲ್ಲಿ ಎಲ್ಲರೂ ಒಬ್ಬರನ್ನು ಮರೆತಿದ್ದೆವು. ಬೇವಿನ ಮರದ ಕಡೆಯಿಂದ ಅಟೆಂಡರ್ ಅಣ್ಣನ ದನಿ ಬಂತು.

"ಯಜಮಾನ್ರೇ, ನಾನೂ ಬಯ್ಬೇಕಾ? ಇಲ್ಲ, ಅಂಗೇ ಬಿಚ್ತೀರಾ?"

ಕೊಂಬಿಲ್ಲದ ಟಗರು

ನಾನು ಕಂಪ್ಲೇಂಟ್ ಕೊಟ್ಟೆ. ಕ್ಯಾಮೆರಾ ಕಂಪನಿಯವರು 'ಇದು ಜನಜಾಗೃತಿಗೆ ಮಾಡಿದ್ದು' ಎಂದು ಹೇಳಿ ಕೈ ತೊಳೆದುಕೊಂಡರು. ವಿಡಿಯೋ ಮಾಡಿದ್ದು ತಾವಲ್ಲ, ಸೇಲಂನ ಒಂದು ಏಜೆನ್ಸಿ ಎಂದರು. ಆ ಏಜೆನ್ಸಿಯನ್ನು ಹುಡುಕಿಕೊಂಡು ಹೋಗಬೇಕೆಂದು ನಾನು ಯೋಚಿಸುತ್ತಿರುವಾಗಲೇ ಏಜೆನ್ಸಿ ನನ್ನನ್ನು ಹುಡುಕಿಕೊಂಡು ಬಂತು.

ಇಬ್ಬರು ಬಂದಿದ್ದರು. ಒಬ್ಬ ಬಿಗಿಯಾದ ಪ್ಯಾಂಟು ಹಾಕಿ ಕಪ್ಪು ಕನ್ನಡಕ ತಲೆಯ ಮೇಲೆ ಏರಿಸಿಕೊಂಡವನು. ಇನ್ನೊಬ್ಬ ಅವನ ಕ್ಯಾಮೆರಾದವನು. ಕನ್ನಡಕದವನು ಆಸ್ಪತ್ರೆಯೊಳಗೆ ಬಂದು, ಹಳೆಯ ನೆಂಟನ ಹಾಗೆ ಕುರ್ಚಿ ಎಳೆದುಕೊಂಡು ಕೂತ.

"ಮೇಡಂ, ನಿಮ್ಮನ್ನು ಕುರಿ ರೊಪ್ಪದಲ್ಲಿ ಕೂಡಿಹಾಕಿದ ವಿಷಯ ಕೇಳಿದೆವು" ಎಂದ. "ನಮ್ಮ ವಿಡಿಯೋ ಅಷ್ಟು ಒಳಗಿನ ಹಟ್ಟಿಗೂ ತಲುಪಿದೆ ಅಂತ ಗೊತ್ತಾಗಿ ಆಫೀಸಲ್ಲಿ ಎಲ್ಲರಿಗೂ ತುಂಬಾ ಸಂತೋಷ ಆಯ್ತು."

ಕ್ಷಮೆ ಕೇಳಲು ಬಂದಿದ್ದಾನೆ ಎಂದುಕೊಂಡಿದ್ದೆ. ನನ್ನ ಕೈಯಲ್ಲಿದ್ದ ಥರ್ಮಾಮೀಟರನ್ನು ಮೇಜಿನ ಮೇಲಿಟ್ಟೆ, ಮುರಿದೀತು ಎಂದು.

ಅವನು ಮುಂದುವರಿಸಿದ. ಈಗ ಒಂದು ಹೊಸ ಐಡಿಯಾ ಇದೆಯಂತೆ. ಕುರಿಗಳಿಗೆ ಹಾಕುವ ಹೊಸ ಫೀಡಿನದು. ಒಂದು ಮರಿ ಸಾಯುತ್ತ ಮಲಗಿರಬೇಕು. ನಾನು ಅದನ್ನು ಎದೆಗೆ ಒತ್ತಿಕೊಂಡು ಅಳಬೇಕು. ಯಾರೋ ಕಿಟಕಿಯಿಂದ ಕದ್ದು ತೆಗೆದ ಹಾಗೆ ಇವರು ತೆಗೆಯುತ್ತಾರೆ. "ಜಾಹೀರಾತು ಅಂತ ಯಾರಿಗೂ ಗೊತ್ತಾಗಬಾರದು ಮೇಡಂ. ಜನ ನಂಬಬೇಕು. ನೀವು ನಿಜವಾದ ಡಾಕ್ಟರು, ನಿಮ್ಮನ್ನು ನಂಬುತ್ತಾರೆ."

"ನನ್ನನ್ನು ನಂಬುತ್ತಿದ್ದರು" ಎಂದೆ. "ನೀನು ಬರುವ ತನಕ. ಎದ್ದು ಹೊರಗೆ ನಡಿ."

ಅವನು ನಗುತ್ತಲೇ ಎದ್ದ. ಹೊರಗೆ ಹೋಗಿ ಸುಮ್ಮನೆ ಹೋಗಬಾರದಾ? ಆಸ್ಪತ್ರೆಯ ಅಂಗಳದಲ್ಲಿ ಒಬ್ಬ ಗೌಡರು ತಮ್ಮ ಟಗರನ್ನು ಕಿವಿಯ ಗಾಯ ತೋರಿಸಲು ತಂದು ನಿಂತಿದ್ದರು. ಒಳ್ಳೆಯ ಮೇಚೇರಿ ಟಗರು. ಕೆಂಪಗೆ ತಾಮ್ರದ ಕೊಡದ ಹಾಗಿತ್ತು. ಆ ತಳಿಗೆ ಕೊಂಬಿರುವುದಿಲ್ಲ. ಕನ್ನಡಕದವನಿಗೆ ಅದನ್ನು ಕಂಡು ಮತ್ತೊಂದು ಐಡಿಯಾ ಬಂತು. ಹತ್ತಿರ ಹೋಗಿ ಅದರ ಹಣೆಯ ಮೇಲೆ ಪಟಪಟ ತಟ್ಟತೊಡಗಿದ. ಕ್ಯಾಮೆರಾದವನು ತೆಗೆಯತೊಡಗಿದ.

"ಸಾಮೀ, ಅಣೆ ಮುಟ್ಬ್ಯಾಡಿ" ಎಂದರು ಗೌಡರು.

"ಕೊಂಬೇ ಇಲ್ಲವಲ್ಲ ಅಣ್ಣ!"

"ಕೊಂಬಿಲ್ಲ. ತಲೆ ಐತೆ."

ಟಗರು ಒಂದು ಹೆಜ್ಜೆ ಹಿಂದೆ ಸರಿಯಿತು. ಮತ್ತೊಂದು ಹೆಜ್ಜೆ ಸರಿಯಿತು. ನಾನು ಬಾಗಿಲಲ್ಲಿ ನಿಂತು, "ಏಯ್, ಬದಿಗೆ ಬಾ!" ಎಂದು ಕೂಗಿದೆ. ನಿಜವಾಗಿಯೂ ಕೂಗಿದೆ, ಗೌಡರೇ ಸಾಕ್ಷಿ. ಅವನು ಕ್ಯಾಮೆರಾದ ಕಡೆ ತಿರುಗಿ ಟಗರಿಗೆ ಬೆನ್ನು ಹಾಕಿ ಹೇಳಿದ, "ನೋಡಿ, ಪಾಪ, ನನ್ನನ್ನು ಕಂಡು ಹೆದರಿ ಹಿಂದೆ ಹೋಗ್ತಿದೆ."

ಟಗರು ಹಿಂದೆ ಸರಿಯುವುದು ಯಾಕೆ ಎಂದು ನಮ್ಮ ಕಡೆ ತೊಟ್ಟಿಲ ಮಗುವಿಗೂ ಗೊತ್ತು. ಗೌಡರ ಕೈಯ ಹಗ್ಗ ಸರ್ರನೆ ಜಾರಿತು. 'ಧಡ್' ಎಂದು ಒಂದು ಸದ್ದು. ಕನ್ನಡಕ ಒಂದು ಕಡೆ, ಅವನು ಒಂದು ಕಡೆ. ಅಂಗಳದ ತುದಿಯಲ್ಲಿ ದನಗಳಿಗೆ ನೀರು ಕುಡಿಸುವ ತೊಟ್ಟಿಯಿದೆ. ಅದರೊಳಗೆ ತಲೆ ಕೆಳಗಾಗಿ ಬಿದ್ದ. ಕಾಲುಗಳು ಮಾತ್ರ ಮೇಲೆ ಕಾಣುತ್ತಿದ್ದವು. ಟಗರು ಇನ್ನೊಮ್ಮೆ ಹಿಂದೆ ಸರಿಯತೊಡಗಿತ್ತು. ಅಟೆಂಡರ್ ಅಣ್ಣ ಓಡಿ ಹೋಗಿ ಹಗ್ಗ ಹಿಡಿದರು. ಇಷ್ಟೆಲ್ಲ ಆದರೂ ಕ್ಯಾಮೆರಾದವನು ಕ್ಯಾಮೆರಾ ಇಳಿಸಲಿಲ್ಲ.

ಅವನನ್ನು ಎತ್ತಿ ಬೆಂಚಿನ ಮೇಲೆ ಬೋರಲು ಮಲಗಿಸಿದೆವು. ಮೂಳೆ ಮುರಿದಿರಲಿಲ್ಲ. ಕೂರುವ ಜಾಗ ಮಾತ್ರ ಹಾಗೇ ಊದಿಕೊಂಡಿತು. ಐಸ್ ಡಬ್ಬಿಯಿಂದ ಐಸು ತೆಗೆದು ಕೊಟ್ಟೆ. ನಾನು ನಕ್ಕೆನೋ ಎಂದರೆ, ಅವನ ಮುಂದೆ ನಗಲಿಲ್ಲ. ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ. ರೊಪ್ಪದಲ್ಲಿ ಅತ್ತಿದ್ದಕ್ಕೆ, ಅಜ್ಜಿಯ ಕುರಿಗೆ, ಎಲ್ಲಕ್ಕೂ ಸೇರಿಸಿ ನಕ್ಕೆ.

ಸಂಜೆಯೊಳಗೆ ಕ್ಯಾಮೆರಾದವನು ಆ ವಿಡಿಯೋವನ್ನು ಬಿಟ್ಟುಬಿಟ್ಟಿದ್ದ. ಎಲ್ಲ ವಿಡಿಯೋಗಳಿಗಿಂತ ಜೋರಾಗಿ ಓಡಿತು. ಇಷ್ಟು ವರ್ಷದಲ್ಲಿ ನಮ್ಮ ಕಡೆಯಿಂದ ಹೊರಟ ವಿಡಿಯೋಗಳಲ್ಲಿ ಒಂದು ಎಳೆಯೂ ಸುಳ್ಳಿಲ್ಲದ ವಿಡಿಯೋ ಅದು. ಅದನ್ನು ಒಬ್ಬರೂ ನಂಬಲಿಲ್ಲ! 'ಸೂಪರ್ ಆಕ್ಟಿಂಗ್' ಎಂದು ಬರೆದರು. 'ಟಗರು ಗ್ರಾಫಿಕ್ಸ್' ಎಂದು ಬರೆದರು. 'ಇದು ನೋವಿನ ಎಣ್ಣೆಯ ಜಾಹೀರಾತು', 'ಅಲ್ಲ, ಹರಿಯದ ಪ್ಯಾಂಟಿನದು' ಎಂದು ತಮ್ಮೊಳಗೇ ಜಗಳವಾಡಿದರು. ಸಂತೆಯಲ್ಲಿ ಗೌಡರನ್ನು ಹಿಡಿದು, ಟಗರಿಗೆ ಎಲ್ಲಿ ಟ್ರೈನಿಂಗು ಕೊಡಿಸಿದಿರಿ ಎಂದು ಕೇಳಿದರಂತೆ. ನನ್ನ ಅಮ್ಮನೇ ಫೋನ್ ಮಾಡಿದಳು. "ಅಲ್ಲ ಕಣೆ, ಊರೋರ್ಗೆಲ್ಲ ಬಯ್ಕಂಡು ನೀನೂ ಅವ್ರ ಜೊತೆ ಸೇರ್ಕಂಡ್ಯಾ? ಬಾಗ್ಲಲ್ಲಿ ನಿಂತ್ಕಂಡು ಏಯ್ ಅಂತೀಯಲ್ಲ, ಚೆನ್ನಾಗಿ ಮಾಡಿದ್ದೀಯ. ಯಾವ ಕಂಪನಿದು?"

ವಿಡಿಯೋ ಇನ್ನೂ ಓಡುತ್ತಿರುವಾಗಲೇ ಕನ್ನಡಕದವನ ಫೋನ್ ಬಂತು. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

"ಮೇಡಂ, ಒಂದು ಸಹಾಯ ಮಾಡಬೇಕು. ನನಗೆ ಕೂರಲು ಆಗುತ್ತಿಲ್ಲ. ಲೀವ್ ಕೇಳಿದರೆ ನಮ್ಮ ಬಾಸು ನಗುತ್ತಾರೆ. ಆಕ್ಟಿಂಗ್ ಸಾಕು, ಸೋಮವಾರ ಆಫೀಸಿಗೆ ಬಾ ಅನ್ನುತ್ತಾರೆ. ಊದಿದ್ದನ್ನು ತೋರಿಸುತ್ತೇನೆ ಅಂದರೆ, ಮೇಕಪ್ ಯಾರದು ಅಂತ ಕೇಳುತ್ತಾರೆ."

"ಅಯ್ಯೋ ಪಾಪ" ಎಂದೆ.

"ನೀವು ಕಣ್ಣಾರೆ ನೋಡಿದ್ದೀರಿ ಮೇಡಂ. ನಿಜವಾಗಿಯೂ ಗುದ್ದಿತು ಅಂತ ಸೀಲು ಹಾಕಿ ಒಂದು ಸರ್ಟಿಫಿಕೇಟ್ ಕೊಡಿ. ನೀವು ಸರ್ಕಾರಿ ಡಾಕ್ಟರು, ನಿಮ್ಮನ್ನು ನಂಬುತ್ತಾರೆ."

"ತಮ್ಮಾ, ನಾನು ದನದ ಡಾಕ್ಟರು" ಎಂದೆ. "ಟಗರಿಗೆ ಏನೂ ಪೆಟ್ಟಾಗಿಲ್ಲ ಅಂತ ಬೇಕಾದರೆ ಬರೆದುಕೊಡುತ್ತೇನೆ."